ಒಂದಳತೆ ಸಡಿಲ

ಇನ್ನು ಮುಂದೆ ನನ್ನ ಕೈಯಿಂದ ನಿನಗೆ ನೋವಾಗುವುದಿಲ್ಲ ಎಂದು ಜಮಾಲಬಿ ಮಗಳಿಗೆ ಮಾತು ಕೊಟ್ಟಾಗ ಗುಲ್ಷನಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅದು ರಮಜಾನ್ ಹಬ್ಬದ ಹಿಂದಿನ ದಿನ. ರೋಣದ ಬಜಾರದಲ್ಲಿ ಅವರ ಬಳೆ ಅಂಗಡಿಗೆ ಹೆಂಗಸರು ಮುಗಿಬಿದ್ದಿದ್ದರು. ಮುಂಜಾನೆಯಿಂದ ಬಂದವರ ಕೈಗೆಲ್ಲ ಬಳೆ ಏರಿಸಿ ಏರಿಸಿ ಜಮಾಲಬಿಯ ಬೆರಳು ಜೋಮು ಹಿಡಿದಿದ್ದವು. ಅಂಥ ಹೊತ್ತಿನಲ್ಲಿ ಮಗಳು ಮಂದಿಯ ನಡುವೆ ತೂರಿ ಬಂದು, ನನಗೂ ಹಸಿರು ಬಳೆ ಇಡಿಸು ಎಂದು ಕೈ ಚಾಚಿದಳು. ಜಮಾಲಬಿ ಅಳತೆ ನೋಡಲಿಲ್ಲ, ಕೈಗೆ ಸಿಕ್ಕದ್ದನ್ನು ಒತ್ತಿದಳು. ಬಳೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿ ಪಟ್ಟನೆ ಒಡೆಯಿತು. ಎಳೆಯ ಮುಂಗೈಯಿಂದ ನೆತ್ತರು ಇಳಿಯಿತು.

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಜಮಾಲಬಿ ಎರಡು ಮಾತು ಗದರಿಸಿ ಅರಿವೆ ಸುತ್ತಿ ಕಳಿಸುತ್ತಿದ್ದಳೋ ಏನೋ. ಆದರೆ ಅದು ತಾಯಿಯ ಮುಖವನ್ನೇ ನೋಡುತ್ತ ನಿಂತಿತು, ಇದನ್ನು ಮಾಡಿದ್ದು ನೀನೇ ಹೌದೋ ಅಲ್ಲೋ ಎಂದು ಗುರುತು ಹಿಡಿಯುವವರ ಹಾಗೆ. ಜಮಾಲಬಿ ಅಂಗಡಿ ಬಿಟ್ಟು ಎದ್ದು ಮಗಳನ್ನು ಒಳಗೆ ಕರೆದೊಯ್ದು ತೊಡೆಯ ಮೇಲೆ ಕೂರಿಸಿಕೊಂಡಳು.

"ಇನ್ನ ನನ್ನ ಕೈಲೆ ನಿನಗ ನೋವು ಮಾಡೂದಿಲ್ಲ ಬೇಟಾ."

"ಯಾವತ್ತೂ?"

"ಯಾವತ್ತೂ."

"ತಲಿ ಮ್ಯಾಲೆ ಕೈ ಇಟ್ಟು ಹೇಳು."

ಇಟ್ಟಳು, ಹೇಳಿದಳು. ಗಂಡ ರಮಜಾನಸಾಬ ಬಾಗಿಲಲ್ಲಿ ನಿಂತು ನಕ್ಕ. "ಚಲೋ ಆತು. ನಾಳಿಂದ ಇಕೀ ತಲೀ ಸಿಕ್ಕು ಯಾರು ಬಿಡಸ್ತಾರ? ನಾನ?"

ನಕ್ಕಿದ್ದೇ ಖರೆಯಾಯಿತು. ಸಿಕ್ಕು ಬಿಡಿಸುವುದು ರಮಜಾನಸಾಬನ ಪಾಲಿಗೆ ಬಂತು. ಕಾಲಿಗೆ ಮುಳ್ಳು ಚುಚ್ಚಿದರೆ ಜಮಾಲಬಿ ಮಗಳನ್ನು ಎತ್ತಿಕೊಂಡು ಪಕ್ಕದ ಮನೆಯ ಸಿದ್ದಲಿಂಗವ್ವನ ಹತ್ತಿರ ಓಡುತ್ತಿದ್ದಳು. ಸಿದ್ದಲಿಂಗವ್ವ ಶಿರೋಳದಿಂದ ಬಂದ ಸೊಸೆ, ರೊಟ್ಟಿ ಬಡಿದು ಮಾರುವವಳು, ಕೈಯೂ ಗಟ್ಟಿ ಮಾತೂ ಗಟ್ಟಿ. "ಹಡದಾಕಿ ನೀನು, ಮುಳ್ಳ ತಗಿಯಾಕಿ ನಾನು. ಚಲೋ ಪಾಲ ಮಾಡೀದಿ ಬಿಡು" ಎನ್ನುತ್ತಲೇ ಸೂಜಿ ತರುತ್ತಿದ್ದಳು. ಕಿವಿ ಚುಚ್ಚಿಸುವಾಗ ಜಮಾಲಬಿ ಪತ್ತಾರನ ಅಂಗಡಿಯ ಹೊರಗೆ ನಿಂತಳು. ಕಹಿ ಔಷಧ ಕುಡಿಸುವಾಗ ಹಿತ್ತಲಿಗೆ ಹೋದಳು. ಒಬ್ಬಳೇ ಮಗಳು. ಕೊಟ್ಟ ಮಾತು ಒಂದೇ. ನಡೆಸಿಕೊಂಡು ಬಂದಳು. ರಮಜಾನಸಾಬ ತೀರಿಕೊಂಡ ಮೇಲೂ, ಮಗಳನ್ನು ನರಗುಂದದ ಬಾಷಾನಿಗೆ ಕೊಟ್ಟ ಮೇಲೂ ಅದು ಹಾಗೇ ಇತ್ತು.

ಬಳೆ ಇಡಿಸುವವರ ಕಸುಬಿನಲ್ಲಿ ಒಂದು ರೂಢಿ ಉಂಟು. ಯಾವ ಹೆಂಗಸೂ ತನ್ನ ಕೈ ದಪ್ಪವಾಗಿದೆ ಎಂದು ಕೇಳಿಸಿಕೊಳ್ಳಲಿಕ್ಕೆ ಅಂಗಡಿಗೆ ಬರುವುದಿಲ್ಲ. ಮದುವೆಯಲ್ಲಿ ಎರಡು-ನಾಲ್ಕರ ಅಳತೆ ಇಡಿಸಿಕೊಂಡವಳು ಮೂರು ಹಡೆದ ಮೇಲೂ ಎರಡು-ನಾಲ್ಕನ್ನೇ ಕೇಳುತ್ತಾಳೆ. ಜಮಾಲಬಿ ಹೂಂ ಎಂದು ಹಿಂದೆ ತಿರುಗಿ, ಬಳೆ ಪೋಣಿಸಿಟ್ಟ ಮಲಾರದಿಂದ ಎರಡು-ಆರರ ಬಳೆ ಬಿಚ್ಚಿಕೊಳ್ಳುತ್ತಿದ್ದಳು. ಬೆರಳು ಕೂಡಿಸಿ, ಮಾತಾಡಿಸುತ್ತ, ನೋವಿಲ್ಲದ ಹಾಗೆ ಏರಿಸಿ "ನೋಡ್ರಿ, ನಿಮ್ಮ ಹಳೇ ಅಳತೀನ" ಎನ್ನುತ್ತಿದ್ದಳು. ಅವರು ಕೈ ತಿರುಗಿಸಿ ನೋಡಿಕೊಂಡು ನಗುತ್ತ ಹೋಗುತ್ತಿದ್ದರು. ಇದನ್ನು ಆ ಬಜಾರದಲ್ಲಿ ಯಾರೂ ಸುಳ್ಳು ಎಂದು ಕರೆಯುತ್ತಿರಲಿಲ್ಲ.

ಸಿದ್ದಲಿಂಗವ್ವ ಒಬ್ಬಳೇ ಕೆಣಕುತ್ತಿದ್ದಳು. "ಏ ಜಮಾಲಬಿ, ಖರೇ ಹೇಳು, ಇದು ಎರಡು-ನಾಕ ಏನು?"

"ನಿಮ್ಮ ಕೈಗೆ ನಾ ಸುಳ್ಳು ಹೇಳ್ತೀನೇನ್ರಿ ಅಕ್ಕಾರ?"

"ಹಂಗಾರ ನನ್ನ ಜಂಪರ ಹೊಲ್ಯಾವನ್ನ ನಿನ್ನ ಕಡೆ ಸಾಲಿಗೆ ಹಚ್ಚತೀನಿ. ಆ ಭಾಡ್ಯಾ ಟೇಪ್ ಹಿಡದು ಓಣಿಗೆಲ್ಲ ಕೇಳೂಹಂಗ ಒದರ್ತಾನ."

ಗುಲ್ಷನ ಚೊಚ್ಚಲ ಹೆರಿಗೆಗೆ ರೋಣಕ್ಕೆ ಬಂದಾಗ ಅವಳ ಕೈಗೂ ಜಮಾಲಬಿಯೇ ಬಳೆ ಇಡಿಸಿದಳು. ಗಂಡು ಹುಟ್ಟಿತು, ಉಮರ ಎಂದು ಹೆಸರಿಟ್ಟರು. ಬಾಣಂತನದ ದಿನಗಳಲ್ಲೇ ಗುಲ್ಷನಳ ಕಾಲು ಊದಿಕೊಂಡವು. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದರು ಎಲ್ಲರೂ. ಆಮೇಲೆ ಅವಳಿಗೆ ಅಂಗಾತ ಮಲಗಲಿಕ್ಕೆ ಆಗದಾಯಿತು. ಗೋಡೆಗೆ ತಲೆದಿಂಬು ಆನಿಸಿ ಕೂತೇ ಬೆಳಗು ಮಾಡುತ್ತಿದ್ದಳು. ಹುಬ್ಬಳ್ಳಿಗೆ ಒಯ್ದರು. ಎದೆಯ ಫೋಟೋ ತೆಗೆದು ನೋಡಿದ ಡಾಕ್ಟರು, ಹೆರಿಗೆಯ ಆಸುಪಾಸಿನಲ್ಲಿ ಕೆಲವರಿಗೆ ಹೀಗಾಗುತ್ತದೆ, ಹೃದಯ ಜೋಲು ಬಿದ್ದಿದೆ, ರಕ್ತವನ್ನು ಪೂರ್ತಿ ತಳ್ಳುವ ಶಕ್ತಿ ಅದಕ್ಕಿಲ್ಲ ಎಂದರು. ಗುಳಿಗೆ ಬರೆದುಕೊಟ್ಟರು. ಉಪ್ಪು ಕಡಿಮೆ, ನೀರು ಅಳೆದು, ಮೊಲೆಹಾಲು ಬಿಡಿಸಿರಿ, ಮತ್ತೆ ಬಸಿರಾಗುವುದು ಬೇಡ. ಸರಿಹೋಗುತ್ತದೋ ಎಂದು ಜಮಾಲಬಿ ಕೇಳಿದ್ದಕ್ಕೆ, "ಕೆಲವರಿಗೆ ಆಗ್ತದ, ಕೆಲವರಿಗೆ ಇಲ್ಲ" ಎಂದರು. ಮಗಳು ಯಾವ ಕೆಲವರೊಳಗೆ ಬರುತ್ತಾಳೆ ಎಂದು ಕೇಳಲಿಕ್ಕೆ ಜಮಾಲಬಿಗೆ ಬಾಯಿ ಬರಲಿಲ್ಲ.

ಅಂಗಡಿ, ಅಡುಗೆ, ಬೇನೆಯ ಮಗಳು, ಮೇಲೆ ಕೂಸು. ಒಬ್ಬಳ ಕೈಲಿ ಆಗುವ ಮಾತಲ್ಲ. ಉಮರನನ್ನು ನರಗುಂದಕ್ಕೆ ಬಾಷಾನ ತಾಯಿ ರಸೂಲಬಿಯ ಹತ್ತಿರ ಕಳಿಸಿದರು. ರಸೂಲಬಿ ಕೆಟ್ಟ ಹೆಂಗಸಲ್ಲ. ಆದರೆ ಆಕೆಗೂ ವಯಸ್ಸಾಗಿತ್ತು. ಬೇಸಿಗೆಯ ಆರಂಭಕ್ಕೆ ಒಮ್ಮೆ ರೋಣಕ್ಕೆ ಬಂದವಳು ಸೊಸೆ ಹಿತ್ತಲಿಗೆ ಹೋದ ಹೊತ್ತು ನೋಡಿ ಜಮಾಲಬಿಗೆ ಹೇಳಿದಳು.

"ಬೀಗತ್ಯಾರ, ಸಿಟ್ಟಾಗಬ್ಯಾಡ್ರಿ. ನನ್ನ ಮೊಣಕಾಲು ಹೋಗ್ಯಾವು. ಕೂಸು ಅಂಬೆಗಾಲ ಇಡಾಕ ಹತ್ತೇತಿ, ಅದರ ಹಿಂದ ನಾ ಓಡಲಾರೆ. ಮಳಿಗಾಲದೊಳಗ ಗುಲ್ಷನ ಬಂದು ಕೂಸಿನ ಸಂಭಾಳಿಸೂಹಂಗ ಆದ್ರ ಚಲೋ. ಇಲ್ಲಂದ್ರ ಜಬೀನ ಬೇಡಾಕತ್ತಾಳ."

ಜಬೀನ ಬಾಷಾನ ಅಕ್ಕ. ಗಜೇಂದ್ರಗಡಕ್ಕೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ. ಒಳ್ಳೆಯವಳೇ, ಕೂಸಿಗೆ ಕೊರತೆ ಮಾಡುವವಳಲ್ಲ. ಹೆದರಿಕೆ ಇದ್ದದ್ದೇ ಅಲ್ಲಿ. ಹಾಗೆ ಹೋದ ಕೂಸು ಮತ್ತೆ ತಿರುಗಿ ಬರುವುದಿಲ್ಲ. ಅಕ್ಕರೆಯಿಂದ ಸಾಕಿದವಳ ಮಡಿಲಿನಿಂದ ಯಾರು ಕಿತ್ತು ತರುತ್ತಾರೆ?

ಗುಲ್ಷನ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೀಗಿತಿ ಬಸ್ಸಿಗೆ ಹೋದ ಮೇಲೆ ಕೇಳಿದ್ದು ಒಂದೇ ಮಾತು: "ಅಮ್ಮಾ, ಮಳಿಗಾಲ ಯಾವಾಗ?"

ಆ ದಿನಗಳಲ್ಲೇ ಅನ್ನಪೂರ್ಣೇಶ್ವರಿ ಸಿಕ್ಕಳು. ಗಜೇಂದ್ರಗಡದ ಹುಡುಗಿ, ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದಿ ಬಂದು ರೋಣದ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ದಿನಾ ಬಸ್ಸಿನಲ್ಲಿ ಬಂದು ಸೊಂಟನೋವಿನವರಿಗೆ, ಲಕ್ವಾ ಹೊಡೆದವರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದಳು. ಗುಲ್ಷನಳ ಕಾಗದ ನೋಡಿದಳು, ಹುಬ್ಬಳ್ಳಿಯ ಡಾಕ್ಟರಿಗೆ ಫೋನ್ ಹಚ್ಚಿ ಮಾತಾಡಿದಳು. ಉಸಿರಿನ ಬಲ ಅಳೆಯುವ ಮೀಟರಿನ ನಳಿಗೆ ಬಾಯಿಗೆ ಕೊಟ್ಟು ಉಸಿರು ಎಳೆಸಿದಳು. ಮುಳ್ಳು ಅಲುಗಿತೋ ಇಲ್ಲವೋ ಅನ್ನುವಷ್ಟು ಮೇಲೆದ್ದು ಕೂತಿತು.

"ನೋಡ್ರಿ ಅಮ್ಮಾರ," ಎಂದಳು ಜಮಾಲಬಿಗೆ, "ಹೃದಯ ಸೋತರ ಅದೊಂದ ಸೋಲೂದಿಲ್ಲ. ಎದಿ ಕೆಳಗ ಉಸಿರು ಜಗ್ಗೂ ಸ್ನಾಯು ಐತಿ, ಅದೂ ಸೊರಗತೈತಿ. ಅದಕ್ಕ ನಾಕ ಹೆಜ್ಜಿಗೆ ಏದುಸಿರು ಬರ್ತೈತಿ. ಆ ಸ್ನಾಯುವಿಗೆ ಕಸರತ್ತು ಮಾಡಸಬೇಕು. ಹೃದಯ ಗಟ್ಟಿ ಮಾಡತೀನಿ ಅಂತ ನಾ ಹೇಳಂಗಿಲ್ಲ. ಉಸಿರು ಒಂದಿಷ್ಟು ಹಗುರ ಆದೀತು. ಅಷ್ಟ."

ಕಪಾಟಿನಿಂದ ಒಂದು ಸಾಧನ ತೆಗೆದಳು. ಗೇಣಿಗಿಂತ ಗಿಡ್ಡವಾದ ಪ್ಲಾಸ್ಟಿಕ್ಕಿನ ನಳಿಗೆ, ಆರಪಾರ ಕಾಣುವಂಥದ್ದು. ಒಳಗೆ ಸ್ಪ್ರಿಂಗು. ತುದಿಯನ್ನು ತಿರುವಿದರೆ ಒಂದು ಕೆಂಪು ಗೆರೆ ಒಂಬತ್ತರಿಂದ ಎರಡೆರಡಾಗಿ ಏರುವ ಅಂಕಿಗಳ ಮೇಲೆ ಸರಿಯುತ್ತಿತ್ತು. ಅಂಕಿ ಏರಿದಷ್ಟೂ ಸ್ಪ್ರಿಂಗು ಬಿಗಿ. ಮೂಗಿಗೆ ಚಿಮಟಿ ಹಾಕಿ, ತುಟಿ ಬಿಗಿದು, ಬಾಯಿಂದ ಉಸಿರು ಒಳಗೆಳೆಯಬೇಕು. ಸ್ಪ್ರಿಂಗನ್ನು ಸೋಲಿಸುವಷ್ಟು ಜಗ್ಗಿದರೆ ಮಾತ್ರ ಒಳಗಿನ ಮುಚ್ಚಳ ಫುಸ್ ಎಂದು ತೆರೆದು ಗಾಳಿ ಬಿಡುತ್ತದೆ. ಇಲ್ಲದಿದ್ದರೆ ಇಲ್ಲ.

"ಇದು ನನ್ನ ಸ್ವಂತದ್ದು, ಜ್ವಾಕಿ. ದಿನಾ ಮುಂಜಾನಿ ಸಂಜಿ ಮಾಡಸ್ರಿ. ಹದಿಮೂರಕ್ಕ ಇಟ್ಟೀನಿ. ವಾರಕ್ಕೊಂದು ಗೆರಿ ಏರಸ್ರಿ. ತಲಿ ಸುತ್ತಿದ್ರ, ಎದಿ ನೋವಾದ್ರ ನಿಲ್ಲಸ್ರಿ. ಗುಲ್ಷನ, ನೀ ಅಂಕಿ ನೋಡಕೋತ ಕುಂದ್ರಬ್ಯಾಡ, ಹೆದರತಿ. ಕಣ್ಣ ಮುಚ್ಚಿ ಜಗ್ಗು. ತಿರುವೂದು ನಿಮ್ಮ ಅಮ್ಮಾರ ಕೆಲಸ."

ಮನೆಗೆ ತಂದದ್ದನ್ನು ಮೊದಲು ನೋಡಿದವಳು ಸಿದ್ದಲಿಂಗವ್ವ. "ಇದೇನಬೇ, ಪುಂಗಿ? ಊದು ನೋಡೂಣು."

"ಊದೂದಲ್ರಿ ದೊಡ್ಡವ್ವ, ಎಳಿಯೂದು."

"ಎಳಿಯೂ ಪುಂಗಿ ನಾ ಎಲ್ಲೂ ಕಂಡಿಲ್ಲವಾ. ಊದಿದ್ರ ಹಾಡರ ಬರತಿತ್ತು."

ಗುಲ್ಷನ ನಕ್ಕಳು. ನಗುವಿಗೇ ದಮ್ಮು ಹತ್ತಿತು. ಆಮೇಲೆ ಚಿಮಟಿ ಹಾಕಿಕೊಂಡು ಕೂತು ಎಳೆದಳು. ಮುಚ್ಚಳ ತೆರೆಯಲಿಲ್ಲ. ಮತ್ತೆ ಎಳೆದಳು. ಕೊರಳಿನ ನರ ಹಗ್ಗದ ಹಾಗೆ ಉಬ್ಬಿದವು, ಹೆಗಲ ಮೂಳೆಯ ಹಿಂದೆ ಕುಳಿ ಬಿತ್ತು, ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಎಷ್ಟೋ ಸಲಕ್ಕೊಮ್ಮೆ ಒಂದು ಫುಸ್. ಮುಗಿಯುವ ಹೊತ್ತಿಗೆ ಬೆನ್ನೆಲ್ಲ ಬೆವರು.

ಜಮಾಲಬಿ ಎದುರಿಗೆ ಕೂತು ನೋಡಿದಳು. ಕೂಸಾಗಿದ್ದಾಗ ಉಣಿಸಿದ್ದಳು, ಎತ್ತಿಕೊಂಡು ನಡೆದಿದ್ದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೀಸಿದ್ದಳು. ಈಗಲೂ ಬೇಕಾದರೆ ಹೊತ್ತುಕೊಂಡು ನರಗುಂದದವರೆಗೆ ನಡೆದಾಳು. ಆದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆಯಲಿಕ್ಕೆ ಬರುವುದಿಲ್ಲ. ತನಗೆ ಗೊತ್ತಿಲ್ಲದೆಯೇ ಅವಳೂ ಮಗಳ ಜೊತೆ ಬಾಯಿ ಬಿಗಿದು ಒಳಗೆ ಎಳೆಯುತ್ತಿದ್ದಳು. ಅವಳ ಎದೆ ತುಂಬುತ್ತಿತ್ತು. ಮಗಳದು ತುಂಬುತ್ತಿರಲಿಲ್ಲ.

"ಆಗೂದಿಲ್ಲಮ್ಮಾ," ಎಂದಳು ಗುಲ್ಷನ ಒಂದು ಸಂಜೆ, ನಳಿಗೆಯನ್ನು ತೊಡೆಯ ಮೇಲೆ ಬಿಟ್ಟು. "ಜಬೀನ ಆಪಾಗ ಹೇಳಿಬಿಡು, ಒಯ್ಯಲಿ."

ಮರುದಿನ ಮುಂಜಾನೆ ಮಗಳು ಮುಖ ತೊಳೆಯುವಾಗ ಜಮಾಲಬಿ ನಳಿಗೆಯನ್ನು ಒರೆಸಿದಳು. ಒರೆಸುತ್ತ ತುದಿಯನ್ನು ಹಿಂದಕ್ಕೆ ತಿರುವಿದಳು. ಕೆಂಪು ಗೆರೆ ಒಂಬತ್ತಕ್ಕೆ ಇಳಿಯಿತು. ಅವಳಿಗೆ ಅದು ಒಂದು ಕೆಲಸ ಎನ್ನಿಸಲೂ ಇಲ್ಲ. ಬಿಗಿಯಾದದ್ದು ಏರುವುದಿಲ್ಲ, ಅಳತೆ ದೊಡ್ಡದು ಮಾಡಬೇಕು, ಇಡಿಸಿಕೊಳ್ಳುವವರಿಗೆ ಹೇಳಬಾರದು. ಕೈ ತಾನಾಗಿ ಬಂದ ದಾರಿಯಲ್ಲಿ ಹೋಯಿತು.

ಗುಲ್ಷನ ಕಣ್ಣು ಮುಚ್ಚಿ ಎಳೆದಳು. ಫುಸ್. ಮತ್ತೆ ಎಳೆದಳು. ಫುಸ್. ಕಣ್ಣು ತೆರೆದು ತಾಯಿಯನ್ನು ನೋಡಿದಳು. "ಅಮ್ಮಾ, ಹದಿಮೂರ ಐತೇನು?"

"ಅದ ಐತಿ ಬೇಟಾ."

ಆ ದಿನ ಗುಲ್ಷನ ಒಂದೂವರೆ ರೊಟ್ಟಿ ತಿಂದಳು. ಅಂಗಡಿಯಲ್ಲಿ ಬಂದು ಕೂತಳು. ಯಾರದೋ ಕೈ ಹಿಡಿದು ಬಳೆ ಆರಿಸಿಕೊಟ್ಟಳು. ಜಮಾಲಬಿ ಮನಸ್ಸಿನಲ್ಲಿ ಅಂದುಕೊಂಡಳು: ನಗುವೂ ಒಂದು ಔಷಧವೇ ಅಲ್ಲವೇ. ನಾಲ್ಕು ದಿನ ಹೀಗೆ ಧೈರ್ಯ ಬರಲಿ, ಆಮೇಲೆ ಏರಿಸಿದರಾಯಿತು.

ನಾಲ್ಕು ದಿನದ ಮೇಲೆ ಏರಿಸಲಿಲ್ಲ. ಒಮ್ಮೆ ಕೈ ತುದಿಯ ಮೇಲೆ ಹೋಯಿತು, ಮಗಳ ಕೊರಳ ನರ ಕಣ್ಣ ಮುಂದೆ ಬಂತು, ಕೈ ಹಿಂದೆ ಬಂತು. ವಾರ ಕಳೆದಾಗ "ಈಗ ಹದಿನೈದು" ಎಂದಳು. ಮುಂದಿನ ವಾರ "ಹದಿನೇಳು" ಎಂದಳು. ಗೆರೆ ಒಂಬತ್ತರಲ್ಲೇ ಇತ್ತು. ಅನ್ನಪೂರ್ಣೇಶ್ವರಿಗೆ ಅಷ್ಟರಲ್ಲಿ ಮದುವೆ ಗೊತ್ತಾಗಿ ಅವಳು ರಜೆಯ ಮೇಲೆ ಹೋಗಿದ್ದಳು, ನೋಡುವವರಿರಲಿಲ್ಲ. ಗುಲ್ಷನ ಸಂಜೆಯಾದರೆ ಬಾಷಾನಿಗೆ ಫೋನ್ ಮಾಡಿ ಅಂಕಿ ಹೇಳುತ್ತಿದ್ದಳು, ಸಾಲೆಯ ಹುಡುಗಿ ಮಾರ್ಕ್ಸು ಹೇಳುವ ಹಾಗೆ. ಹತ್ತೊಂಬತ್ತಾದ ದಿನ ಬಾಷಾ, "ಮೋಡ ಆಗಾಕತ್ತಾವು, ಬಂದಬಿಡು. ಉಮರನ್ನ ಬಸ್ ಸ್ಟ್ಯಾಂಡಿಗೆ ಕರಕೊಂಡ ಬರ್ತೀನಿ. ನೀನ ಎತಗೊಂಡು ಮನೀಗೆ ನಡಿ" ಎಂದ.

ಬೇಡ ಎನ್ನಬೇಕಿತ್ತು ಜಮಾಲಬಿ. ಮೇಡಂ ಬರಲಿ, ಒಮ್ಮೆ ತೋರಿಸೋಣ ಎನ್ನಬೇಕಿತ್ತು. ಆದರೆ ಮಗಳು ಆಗಲೇ ಟ್ರಂಕಿನಿಂದ ಹೊಸ ಸೀರೆ ತೆಗೆದು ಮುಖಕ್ಕೆ ಹಿಡಿದು ನೋಡುತ್ತಿದ್ದಳು. ಅದೂ ಅಲ್ಲದೆ ಅಷ್ಟು ದಿನ ಹೇಳಿದ್ದನ್ನು ಹೇಳುತ್ತ ಹೇಳುತ್ತ ಜಮಾಲಬಿಗೂ ಅರ್ಧ ನಂಬಿಕೆ ಬಂದಿತ್ತು. ಬಣ್ಣ ಬಂದಿದೆಯಲ್ಲ, ನಗುತ್ತಾಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇಬ್ಬರೂ ಬಸ್ಸು ಹತ್ತಿದರು.

ನರಗುಂದದಲ್ಲಿ ಬಾಷಾನ ಮನೆ ಗುಡ್ಡದ ಬುಡದ ಓಣಿಯಲ್ಲಿ. ಆಟೋ ಓಣಿಯ ಬಾಯಿಯವರೆಗೆ ಹೋಗುತ್ತದೆ. ಅಲ್ಲಿಂದ ಮೇಲೆ ಏರು, ನಡುನಡುವೆ ಕಲ್ಲಿನ ಮೆಟ್ಟಿಲು. ಬಾಷಾ ಕೂಸನ್ನು ಗುಲ್ಷನಳ ಕೈಗೆ ಕೊಟ್ಟ. ಉಮರ ಒಂದು ಕ್ಷಣ ತಾಯಿಯ ಮುಖ ನೋಡಿ, ಬುರ್ಖಾದ ಗುಂಡಿ ಹಿಡಿದು ಜಗ್ಗಿ ಸುಮ್ಮನಾಯಿತು. ಗುಲ್ಷನ ಅದರ ತಲೆ ಮೂಸಿದಳು. "ಭಾಳ ಭಾರ ಆಗ್ಯಾನಲ್ಲರೀ," ಎಂದಳು ಗಂಡನಿಗೆ, ಹೆಮ್ಮೆಯಿಂದ. "ನಾ ಹಿಡೀಲೇನು?" ಎಂದ. "ಬ್ಯಾಡ."

ಮನೆ ಬಾಗಿಲಲ್ಲಿ ರಸೂಲಬಿ ದೃಷ್ಟಿ ತೆಗೆಯಲಿಕ್ಕೆ ತಾಟು ಹಿಡಿದು ನಿಂತದ್ದು ಕೆಳಗಿನಿಂದಲೇ ಕಾಣುತ್ತಿತ್ತು. ಓಣಿಯ ಹೆಂಗಸರು ಹೊಸ್ತಿಲಿಗೆ ಬಂದಿದ್ದರು. ಗುಲ್ಷನ ಮೊದಲ ಮೆಟ್ಟಿಲುಗಳನ್ನು ಏರಿದಳು. ಹಿಂದೆ ಬರುತ್ತಿದ್ದ ಜಮಾಲಬಿಗೆ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಏರಿಳಿಯತೊಡಗಿದ್ದು ಕಂಡಿತು. ಹೆಜ್ಜೆ ಸಣ್ಣವಾದವು. ಒಂದು ಕಡೆ ನಿಂತಳು, ಮತ್ತೆ ಎರಡು ಹೆಜ್ಜೆ ಇಟ್ಟಳು, ಮತ್ತೆ ನಿಂತಳು. ಯಾರದೋ ಮನೆಯ ಕಟ್ಟೆಯ ಮೇಲೆ ಕುಸಿದು ಕೂತಳು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಕಂದಿದ್ದವು. ಬಾಯಿ ತೆರೆದು ಗಾಳಿಯನ್ನು ಕಚ್ಚುತ್ತಿದ್ದಳು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಆ ಸದ್ದಿಗೆ ಕೂಸು ಬೆದರಿ ಚೀರಿತು. ತಾಯಿಯ ಎದೆಯನ್ನು ಕಾಲಿಂದ ಒದ್ದು, ಮೇಲಿನ ಮನೆಯ ಕಡೆ ಎರಡೂ ಕೈ ಚಾಚಿತು.

ಬಾಷಾ ಕೂಸನ್ನು ತೆಗೆದುಕೊಂಡ. ರಸೂಲಬಿ ತಾಟು ಬಾಗಿಲಲ್ಲೇ ಇಟ್ಟು, ಗೋಡೆ ಹಿಡಿದು ಇಳಿದು ಬಂದಳು. ಸೊಸೆಯ ಬೆನ್ನು ನೀವಿದಳು, ನೀರು ತರಿಸಿದಳು, ಗುಟುಕು ಮಾತ್ರ ಕುಡಿಸಿದಳು. ಆಮೇಲೆ ಜಮಾಲಬಿಯನ್ನು ನೋಡಿ ಮೆಲ್ಲಗೆ ಅಂದಳು: "ಆರಾಮ ಆತು ಅಂದಿದ್ರಲ್ಲ ಬೀಗತ್ಯಾರ."

ಜಮಾಲಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

ಅದೇ ದಿನ ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೋದರು. ಎದೆಯಲ್ಲಿ ನೀರು ತುಂಬಿತ್ತು. ಇಳಿಸಿದರು, ಗುಳಿಗೆ ಹೆಚ್ಚಿಸಿ ಕಳಿಸಿದರು. ದವಾಖಾನೆಯ ಪಡಸಾಲೆಯಲ್ಲಿ ಬಾಷಾ ನೆಲ ನೋಡುತ್ತ ಅತ್ತೆಗೆ ಹೇಳಿದ: "ಉಮರನ್ನ ಅಕ್ಕನ ಮನಿಗೆ ಬಿಡ್ತೀನ್ರಿ ಅತ್ತಿ. ಸದ್ಯಕ್ಕ. ಈಕಿ ಆ ಓಣಿ ಹತ್ತಿದ ದಿನ ನಾನ ಹೋಗಿ ಕರಕೊಂಡ ಬರ್ತೀನಿ." ಹುಡುಗ ಸುಳ್ಳು ಹೇಳುವವನಲ್ಲ. ಆ ದಿನ ಬರುತ್ತದೆ ಎಂದು ಅವನೂ ನಂಬಿದ ಹಾಗೆ ಕಾಣಲಿಲ್ಲ.

ರೋಣಕ್ಕೆ ಮರಳಿದ ಮೇಲೆ, ಮೈ ಒಂದಿಷ್ಟು ಸುಧಾರಿಸಿದಾಗ, ಅನ್ನಪೂರ್ಣೇಶ್ವರಿ ಕರೆಸಿದಳು. ಕೈಗೆ ಮದರಂಗಿ ಇನ್ನೂ ಇತ್ತು.

"ಎಷ್ಟಕ್ಕ ಬಂದಿದ್ರಿ?"

"ಹತ್ತೊಂಬತ್ತರಿ ಮೇಡಂ," ಎಂದಳು ಗುಲ್ಷನ. "ಸಲೀಸ ಜಗ್ಗತಿದ್ದೆ."

"ಹತ್ತೊಂಬತ್ತ ಜಗ್ಗಾಕಿ ಆ ಏರಿಗೆ ಇಷ್ಟು ದಣಿಬಾರದಿತ್ತು. ಜಗ್ಗು ನೋಡೂಣು." ಗೆರೆಯನ್ನು ಹತ್ತೊಂಬತ್ತಕ್ಕೆ ಇಟ್ಟುಕೊಟ್ಟಳು. ತೆರೆಯಲಿಲ್ಲ. ಬೇನೆಯಿಂದ ಎದ್ದವಳು ಎಂದು ಒಂದು ಗೆರೆ ಇಳಿಸಿದಳು. ತೆರೆಯಲಿಲ್ಲ. ಹದಿಮೂರಕ್ಕೂ ತೆರೆಯಲಿಲ್ಲ. ಸಾಧನ ಕೆಟ್ಟಿರಬೇಕೆಂದು ಬಾಯಿಯ ತುದಿ ಬದಲಿಸಿ ತಾನೇ ಎಳೆದು ನೋಡಿದಳು. ಫುಸ್ ಎಂದಿತು. ಮತ್ತೆ ಗುಲ್ಷನಳಿಗೆ ಕೊಟ್ಟು ಇಳಿಸುತ್ತ ಬಂದಳು. ಒಂಬತ್ತಕ್ಕೆ ತೆರೆಯಿತು.

"ಮನ್ಯಾಗ ಯಾರು ತಿರುವತಿದ್ರಿ?"

"ನಾನ್ರಿ," ಎಂದಳು ಜಮಾಲಬಿ.

"ಎಷ್ಟಕ್ಕ ಇಡ್ತಿದ್ರಿ ಅಮ್ಮಾರ?"

ಜಮಾಲಬಿ ಬೆರಳು ಮುಂದೆ ಮಾಡಿ ಗೆರೆ ಈಗ ಇದ್ದಲ್ಲೇ ತೋರಿಸಿದಳು.

ಅನ್ನಪೂರ್ಣೇಶ್ವರಿ ಗದರಿಸಿದ್ದರೆ ಚಲೋ ಇತ್ತು. ಅವಳು ನಳಿಗೆಯನ್ನು ಮೇಜಿನ ಮೇಲಿಟ್ಟಳು. "ಹಗುರ ಇಟ್ಟರ ಸ್ನಾಯು ದುಡಿಯೂದಿಲ್ರಿ. ದುಡೀಲಿಲ್ಲಂದ್ರ ಬೆಳಿಯೂದಿಲ್ಲ. ಒಂದು ತಿಂಗಳು ಬರೇ ಗಾಳಿ ಕುಡದಾಳ ಈಕಿ."

ಗುಲ್ಷನ ತಾಯಿಯ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. "ನಾ ಖರೇನ ಜಗ್ಗಾಕತ್ತೀನಿ ಅಂತ ತಿಳ್ಕೊಂಡಿದ್ನಲ್ಲಮ್ಮಾ," ಎಂದಳು. ಅಷ್ಟೇ. ದಾರಿಯಲ್ಲಿ, ಮನೆಯಲ್ಲಿ, ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಜಮಾಲಬಿ ಒಂದೆರಡು ಸಲ ಬಾಯಿ ತೆರೆದಳು. ನಿನಗೆ ನೋವಾಗಬಾರದೆಂದು ಮಾಡಿದೆ ಎಂದು ಹೇಳಬೇಕೆಂದಿದ್ದಳು. ಹೇಳಿದರೆ ಅದು ಇನ್ನೂ ಒಂದು ಭಾರ ಮಗಳ ಎದೆಯ ಮೇಲೆ ಇಟ್ಟ ಹಾಗೆ ಎನ್ನಿಸಿ ಸುಮ್ಮನಾದಳು.

ತಿರುವುವ ಕೆಲಸವನ್ನು ಸಿದ್ದಲಿಂಗವ್ವನಿಗೆ ಒಪ್ಪಿಸಿದಳು. ಹಿಂದಿನಿಂದ ಬಂದ ದಾರಿ ಅದೇ ಇತ್ತಲ್ಲ. ಸಿದ್ದಲಿಂಗವ್ವ ರೊಟ್ಟಿ ಬಡಿದ ಕೈ ತೊಳೆದುಕೊಂಡು ಬಂದು, ಮೇಡಂ ಹೇಳಿದ ಹಾಗೆ ಗೆರೆಯನ್ನು ಮತ್ತೆ ಹದಿಮೂರಕ್ಕೆ ಇಟ್ಟು, "ಜಗ್ಗವ್ವ, ಹುಲಿ ಹಂಗ ಜಗ್ಗು. ಬಾವಿ ಹಗ್ಗ ಜಗ್ಗಿಲ್ಲೇನು?" ಎಂದು ಎದುರಿಗೆ ಕೂರುತ್ತಿದ್ದಳು. ಆ ಹೊತ್ತಿಗೆ ಜಮಾಲಬಿ ಅಂಗಡಿಯಲ್ಲಿ ಇರದ ಕೆಲಸ ಹುಡುಕುತ್ತಿದ್ದಳು. ಒಳಗಿನಿಂದ ಮಗಳ ನರಳು ಕೇಳಿದರೆ ಮಲಾರ ಅಲುಗಿಸಿ ಗಾಜಿನ ಸದ್ದು ಮಾಡುತ್ತಿದ್ದಳು.

ಹಾಗೇ ನಡೆದಿದ್ದರೆ ನಡೆಯುತ್ತಿತ್ತು. ಆದರೆ ಸಿದ್ದಲಿಂಗವ್ವನ ಮಗಳು ಹೊಳೆಮಣ್ಣೂರಿನಲ್ಲಿ ದಿನ ತುಂಬಿ ಕೂತಿದ್ದಳು. ಮಲಪ್ರಭೆಗೆ ನೀರು ಬಂದರೆ ದಾರಿ ಬಂದಾಗುತ್ತದೆಂದು ಮೊದಲೇ ಬರಲಿಕ್ಕೆ ಹೇಳಿ ಕಳಿಸಿದ್ದರು. ಸಿದ್ದಲಿಂಗವ್ವ ಬುಟ್ಟಿ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತಳು.

"ಇನ್ನ ನಿನ್ನ ಮುಳ್ಳು ನೀನ ತಗಿ ಜಮಾಲಬಿ. ನಾ ಬರೂದು ಯಾವಾಗೋ ಏನೋ."

"ಯಾರಿಗರ ಹೇಳಿ ಹೋಗ್ರಿ ಅಕ್ಕಾರ."

"ಯಾರಿಗೆ ಹೇಳ್ಲಿ? ಆಕಿ ನಿನ್ನ ಮಗಳು," ಎಂದು ಬುಟ್ಟಿ ತಲೆಗೇರಿಸಿ ಹೋದಳು.

ಆ ಮಧ್ಯಾಹ್ನ ಜಮಾಲಬಿ ಅಂಗಡಿಯ ಕದ ಹಾಕಿದಳು. ಹೊರಗೆ ಮೊದಲ ಮಳೆ ಹನಿಯುತ್ತಿತ್ತು. ಗಜೇಂದ್ರಗಡದಿಂದ ಬಾಷಾ ಮುಂಜಾನೆಯೇ ಫೋನ್ ಮಾಡಿದ್ದ, ಉಮರ ಹೊಸ ಮನೆಗೆ ಹೊಂದಿಕೊಂಡಿದ್ದಾನೆ, ಚಿಂತೆ ಮಾಡಬೇಡಿರಿ ಎಂದಿದ್ದ. ಗುಲ್ಷನ ಅದನ್ನು ಕೇಳಿಸಿಕೊಂಡು ಫೋನ್ ತಾಯಿಯ ಕೈಗೆ ಕೊಟ್ಟು ಗೋಡೆಗೆ ಒರಗಿ ಕೂತವಳು ಇನ್ನೂ ಹಾಗೇ ಕೂತಿದ್ದಳು.

ಜಮಾಲಬಿ ನಳಿಗೆ ತೊಳೆದು ಒರೆಸಿದಳು. ಈ ವಾರದ ಲೆಕ್ಕಕ್ಕೆ ಹದಿನೈದಾಗಬೇಕಿತ್ತು. ಮಗಳು ನೋಡುವ ಹಾಗೆ ಹಿಡಿದು ತಿರುವಿದಳು. ಕೆಂಪು ಗೆರೆ ಸರಿದು ಹದಿನೈದಕ್ಕೆ ನಿಂತಿತು.

"ಹದಿಮೂರ ಇರ್ಲಿ ಅಮ್ಮಾ. ಇವತ್ತೊಂದ ದಿನ."

"ಹದಿನೈದು."

ಚಿಮಟಿ ಹಾಕಿದರು. ಅದು ಹಳತಾಗಿ ಸಡಿಲಾಗಿತ್ತು, ಬೆವರಿಗೆ ಜಾರಿ ಜಾರಿ ಬೀಳುತ್ತಿತ್ತು. ಜಾರಿದಾಗಲೆಲ್ಲ ಮೂಗಿನಿಂದ ಗಾಳಿ ಹೋಗಿ ಎಳೆದದ್ದು ದಂಡವಾಗುತ್ತಿತ್ತು. ಜಮಾಲಬಿ ಅದನ್ನು ತೆಗೆದು ಪಕ್ಕಕ್ಕಿಟ್ಟು ತನ್ನ ಹೆಬ್ಬೆರಳು ತೋರುಬೆರಳಿನಿಂದ ಮಗಳ ಮೂಗು ಒತ್ತಿ ಹಿಡಿದಳು. ಇನ್ನೊಂದು ಕೈಯಿಂದ ನಳಿಗೆಯನ್ನು ಬಾಯಿಗೆ ಹಿಡಿದಳು.

ಗುಲ್ಷನ ಎಳೆದಳು. ತೆರೆಯಲಿಲ್ಲ. ಬಾಯಿ ಬಿಟ್ಟು ಉಸಿರು ತೆಗೆದುಕೊಂಡು ಮತ್ತೆ ಎಳೆದಳು. ಕೊರಳ ನರ ಎದ್ದವು. ಈ ಸಲ ಕಣ್ಣು ಮುಚ್ಚಿರಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು.

"ತಲಿ ಸುತ್ತತೈತೇನು?" ಗುಲ್ಷನ ಇಲ್ಲ ಎಂದು ತಲೆಯಾಡಿಸಿದಳು. "ಎದಿ ನೋವು?" ಇಲ್ಲ.

"ದಮ್ಮ ಸಾಲೂದಿಲ್ಲಮ್ಮಾ. ಒಂದ ಗೆರಿ ಸಡ್ಲ ಮಾಡು. ನಿನ್ನ ಕಾಲ ಬೀಳ್ತೀನಿ."

"ಇಲ್ಲ. ಜಗ್ಗು."

"ಅಮ್ಮಾ, ನೋವಾಗತೈತಿ. ನಿನ್ನ ಬೆರಳು."

ಜಮಾಲಬಿಗೆ ಗೊತ್ತಿತ್ತು. ಬೆರಳಡಿಯಲ್ಲಿ ಮೂಗಿನ ಎಲುಬು, ಅದರ ಮೇಲಿನ ತೆಳು ಚರ್ಮ ಕೆಂಪಾಗಿದ್ದು ಅವಳಿಗೆ ಕಾಣುತ್ತಿತ್ತು. ಇದರಿಂದ ಹೃದಯ ಗಟ್ಟಿಯಾಗುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದಳು. ಓಣಿಯ ಏರು ಇವಳು ಎಂದಾದರೂ ಹತ್ತುತ್ತಾಳೋ, ಹತ್ತಿದರೂ ಅಷ್ಟರೊಳಗೆ ಕೂಸಿಗೆ ಇವಳ ಗುರುತು ಇರುತ್ತದೋ, ಅದು ಯಾರಿಗೂ ಗೊತ್ತಿರಲಿಲ್ಲ. ಆದರೂ ಬೆರಳು ಸಡಿಲಿಸಲಿಲ್ಲ. ಮಗಳು ಅವಳ ಮುಂಗೈ ಹಿಡಿದು ಜಗ್ಗಿದಳು. ಅಷ್ಟು ಶಕ್ತಿ ಆ ಕೈಯಲ್ಲಿರಲಿಲ್ಲ.

ಬಹಳ ಹೊತ್ತಿನ ಮೇಲೆ ನಳಿಗೆ ಒಮ್ಮೆ ಫುಸ್ ಎಂದಿತು. ಮತ್ತೆ ಅನ್ನಲಿಲ್ಲ. ಗುಲ್ಷನ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಇನ್ನೊಮ್ಮೆ," ಎಂದಳು ಜಮಾಲಬಿ, ಮೂಗು ಮತ್ತೆ ಒತ್ತಿ ಹಿಡಿದು.

ಮಗಳಿಗೆ ಕೊಟ್ಟ ಮಾತನ್ನು ಜಮಾಲಬಿ ಅವತ್ತು ಮುರಿದಳು.